ಸೆನ್ಸರ್ ಕೆಟ್ಟಿಲ್ಲ, ಓದುವ ಕ್ರಮ ತಪ್ಪಿದೆ

ನಿಮ್ಮ ಎಸ್‌ಡಿಎಸ್011 ಧೂಳಿನ ಸೆನ್ಸರ್ ವಾಪಸ್ ಕಳಿಸಬೇಡಿ. ಅದು ಕಳಿಸುವುದು ಅಕ್ಷರಗಳನ್ನಲ್ಲ, ಬರೀ ಬೈಟ್‌ಗಳನ್ನು. ಟರ್ಮಿನಲ್ ಅವನ್ನು ಅಕ್ಷರವೆಂದೇ ಓದಲು ಹೋಗಿ ಪರದೆ ತುಂಬ ವಿಚಿತ್ರ ಚಿಹ್ನೆಗಳು ಮೂಡುತ್ತಿವೆ.

ಪೈಥಾನ್‌ನ ಪೈಸೀರಿಯಲ್ ಹಾಕಿಕೊಂಡು ಪೋರ್ಟನ್ನು 9600 ವೇಗದಲ್ಲಿ ತೆರೆಯಿರಿ. ಸೆಕೆಂಡಿಗೊಮ್ಮೆ 10 ಬೈಟ್‌ಗಳ ಕಂತು ಬರುತ್ತದೆ. ಮೊದಲೆರಡು 170, 192, ಕೊನೆಯದು 171. ನಾಲ್ಕನೆಯ ಬೈಟನ್ನು 256ರಿಂದ ಗುಣಿಸಿ, ಮೂರನೆಯದನ್ನು ಕೂಡಿಸಿ, 10ರಿಂದ ಭಾಗಿಸಿ: ಅದೇ ಪಿಎಂ 2.5, ಘನ ಮೀಟರಿಗೆ ಮೈಕ್ರೋಗ್ರಾಂ ಲೆಕ್ಕದಲ್ಲಿ. ಐದು ಮತ್ತು ಆರನೆಯವು ಹೀಗೆಯೇ ಪಿಎಂ 10. ಒಂಬತ್ತನೆಯದು ಚೆಕ್‌ಸಮ್. ಮೂರರಿಂದ ಎಂಟರವರೆಗಿನ ಬೈಟ್‌ಗಳ ಮೊತ್ತವನ್ನು 256ರಿಂದ ಭಾಗಿಸಿದಾಗ ಉಳಿಯುವ ಶೇಷ ಇದಕ್ಕೆ ಹೊಂದದಿದ್ದರೆ ಆ ಕಂತನ್ನೇ ಬಿಸಾಡಿ. ಬಹಳ ಜನ ಈ ಪರೀಕ್ಷೆ ಬಿಟ್ಟು, ಆಮೇಲೆ ಗ್ರಾಫ್‌ನಲ್ಲಿ ಗೋಪುರ ಎದ್ದಿತೆಂದು ಗಾಬರಿಯಾಗುತ್ತಾರೆ!

ಉಬುಂಟುವಿನಲ್ಲಿ ಪೋರ್ಟ್ ತೆರೆಯಲು ಅನುಮತಿ ಸಿಗದಿದ್ದರೆ ನಿಮ್ಮ ಬಳಕೆದಾರ ಹೆಸರನ್ನು ಡಯಲ್‌ಔಟ್ ಗುಂಪಿಗೆ ಸೇರಿಸಿ, ಮತ್ತೆ ಲಾಗಿನ್ ಆಗಿ.

ಸೆನ್ಸರ್ ಒಳಗಿನ ಲೇಸರ್‌ನ ಆಯಸ್ಸು ತಯಾರಕರ ಲೆಕ್ಕದಲ್ಲಿ ಸುಮಾರು 8000 ಗಂಟೆ; ಬಿಡದೆ ಓಡಿಸಿದರೆ ವರ್ಷವೂ ತುಂಬದು. ನಡುನಡುವೆ ನಿದ್ರೆಯ ಆದೇಶ ಕಳಿಸಿ, ಎಬ್ಬಿಸಿದ ಮೇಲಿನ ಅರ್ಧ ನಿಮಿಷದ ಅಂಕೆಗಳನ್ನು ಲೆಕ್ಕಕ್ಕೆ ಹಿಡಿಯಬೇಡಿ. ನೀವಿರುವುದು ಮಂಗಳೂರು. ಮಳೆಗಾಲದಲ್ಲಿ ತೇವಾಂಶ ಶೇ 70 ದಾಟಿದಾಗ ಈ ಸೆನ್ಸರ್ ಇರುವುದಕ್ಕಿಂತ ಹೆಚ್ಚು ಧೂಳು ತೋರಿಸುತ್ತದೆ, ಮನೆಯಲ್ಲಿ ಉಸಿರಾಟದ ತೊಂದರೆಯಿರುವ ಮಗುವಿದ್ದರೆ ಆ ಅಂಕೆ ನೋಡಿ ಅದರ ಔಷಧಿ ಬದಲಿಸಬೇಡಿ.