ಸ್ಮಶಾನದ ನಾಯಿ ಕೇಳಿದ ನ್ಯಾಯ

☸️ *ಇಂದಿನ ಧಮ್ಮ ಚಿಂತನೆ* ☸️



ಬಾಬಾಸಾಹೇಬರ ಕುಟುಂಬದ ಒಂದು ಕಪ್ಪುಬಿಳುಪು ಫೋಟೊ ನಮ್ಮಲ್ಲಿ ಅನೇಕರ ಮನೆಯಲ್ಲಿದೆ. 1934ರ ಫೆಬ್ರುವರಿಯಲ್ಲಿ ಮುಂಬೈಯ ದಾದರ್‌ನ ರಾಜಗೃಹದಲ್ಲಿ ತೆಗೆದದ್ದು. ಅದರಲ್ಲಿ ಮಗ ಯಶವಂತ, ಬಾಬಾಸಾಹೇಬರು, ಮಾತೆ ರಮಾಬಾಯಿ, ಅಣ್ಣನ ಹೆಂಡತಿ ಲಕ್ಷ್ಮೀಬಾಯಿ, ಅಣ್ಣನ ಮಗ ಮುಕುಂದರಾವ್ ಇದ್ದಾರೆ. ಮರುವರ್ಷ, 1935ರ ಮೇ 27ರಂದು ರಮಾಬಾಯಿಯವರು ತೀರಿಕೊಂಡರು. ಹಾಗಾಗಿ ಆ ಫೋಟೊ ನಮಗೆ ಇನ್ನಷ್ಟು ಹತ್ತಿರದ್ದು. ಆದರೆ ಅದರಲ್ಲಿ ಇನ್ನೊಂದು ಜೀವವೂ ಇದೆ. ಅದು ಬಾಬಾಸಾಹೇಬರ ಮೆಚ್ಚಿನ ನಾಯಿ ಟಾಬಿ. ಮನೆಮಂದಿಯ ಫೋಟೊದಲ್ಲಿ ಮನೆಯವರಲ್ಲಿ ಒಬ್ಬನಂತೆ ಇದೆ.

ಮನುಷ್ಯರ ಬದುಕಿನಲ್ಲಿ ಅಳಿಯದ ಗುರುತು ಬಿಟ್ಟುಹೋಗುವ ನಾಯಿಗಳ ಬಗ್ಗೆ ಇವತ್ತು ಯೋಚಿಸೋಣ. ಇದು ಬೇರೆಯವರಿಗೆ ಸರಳ ವಿಷಯ. ನಮಗೆ ಅಷ್ಟು ಸರಳವಲ್ಲ. ಏಕೆಂದರೆ ನಮ್ಮ ಹಿರಿಯರನ್ನು ಹೊಡೆಯಲು ಈ ಪ್ರಾಣಿಯ ಹೆಸರನ್ನೇ ಕೋಲು ಮಾಡಿಕೊಂಡಿದ್ದರು.

*1. ನಾಯಿ ಎಂಬ ಬೈಗುಳ*

ಎಂ.ಎ. ಓದುವಾಗ ಹಳಗನ್ನಡ ಮತ್ತು ನಡುಗನ್ನಡ ಪಠ್ಯಗಳಲ್ಲಿ 'ಶ್ವಪಚ' ಎಂಬ ಪದ ಮತ್ತೆ ಮತ್ತೆ ಎದುರಾಗುತ್ತಿತ್ತು. ನಿಘಂಟು ತೆಗೆದು ನೋಡಿದರೆ ನಾಯಿಯನ್ನು ಬೇಯಿಸಿ ತಿನ್ನುವವನು ಎಂಬ ಅರ್ಥ. ಮನುಸ್ಮೃತಿಯ ಹತ್ತನೆಯ ಅಧ್ಯಾಯವು ಚಂಡಾಲರೂ ಶ್ವಪಚರೂ ಊರ ಹೊರಗೆ ಇರಬೇಕು, ಒಡೆದ ಪಾತ್ರೆಯಲ್ಲಿ ಉಣ್ಣಬೇಕು, ಹೆಣದ ಬಟ್ಟೆ ಉಡಬೇಕು, ನಾಯಿ ಮತ್ತು ಕತ್ತೆಗಳೇ ಅವರ ಆಸ್ತಿ ಎಂದು ವಿಧಿಸುತ್ತದೆ. ಅಂದರೆ ಆ ಪುಸ್ತಕ ಒಂದೇ ಏಟಿಗೆ ಇಬ್ಬರನ್ನು ಅವಮಾನಿಸಿತು: ಮನುಷ್ಯನನ್ನೂ, ನಾಯಿಯನ್ನೂ. 1927ರ ಡಿಸೆಂಬರ್ 25ರಂದು ಮಹಾಡ್‌ನಲ್ಲಿ ಆ ಪುಸ್ತಕವನ್ನು ಸುಟ್ಟದ್ದು ಸುಮ್ಮನೆ ಅಲ್ಲ.

ಅದೇ ವರ್ಷದ ಮಾರ್ಚ್ 20ರಂದು ಅದೇ ಊರಿನ ಚವದಾರ್ ಕೆರೆಯ ನೀರನ್ನು ಬಾಬಾಸಾಹೇಬರು ಬೊಗಸೆಯಲ್ಲಿ ಎತ್ತಿ ಕುಡಿದರು. ದನ ಕುಡಿಯಬಹುದಾದ, ನಾಯಿ ನಾಲಿಗೆ ಚಾಚಬಹುದಾದ ಆ ನೀರನ್ನು ನಮ್ಮವರು ಮುಟ್ಟುವ ಹಾಗಿರಲಿಲ್ಲ. 1931ರ ಆಗಸ್ಟ್ 14ರಂದು ಮುಂಬೈಯ ಮಣಿಭವನದಲ್ಲಿ ಗಾಂಧೀಜಿಯವರನ್ನು ಭೇಟಿಯಾದಾಗಲೂ ಬಾಬಾಸಾಹೇಬರು ಇದೇ ಮಾತನ್ನು ಮುಂದಿಟ್ಟರು. ನಾಯಿ ಬೆಕ್ಕುಗಳಿಗಿಂತ ಕೀಳಾಗಿ ಕಾಣುವ ನೆಲವನ್ನು ನನ್ನ ತಾಯ್ನಾಡು ಎಂದು ಹೇಗೆ ಕರೆಯಲಿ ಎಂಬುದು ಅವರ ಪ್ರಶ್ನೆಯ ತಿರುಳು.

ಇಲ್ಲಿ ಒಂದನ್ನು ಗಮನಿಸಿ. ಬಾಬಾಸಾಹೇಬರ ಸಿಟ್ಟು ನಾಯಿಯ ಮೇಲಿರಲಿಲ್ಲ. ನಾಯಿಗೆ ನೀರು ಸಿಗುತ್ತದೆ ಎಂಬುದು ಅವರ ದೂರಾಗಿರಲಿಲ್ಲ. ಮನುಷ್ಯನಿಗೆ ಸಿಗುವುದಿಲ್ಲ ಎಂಬುದು ದೂರು. ಸುಮಾರು ಎರಡೂವರೆ ವರ್ಷಗಳ ಮೇಲೆ ತೆಗೆದ ಫೋಟೊದಲ್ಲಿ ಟಾಬಿ ಇರುವುದನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಯಾವ ಪ್ರಾಣಿಯ ಹೆಸರಿನಿಂದ ತನ್ನ ಜನರನ್ನು ಹಳಿದರೋ ಆ ಪ್ರಾಣಿಯನ್ನು ಅವರು ಮನುವಿನ ಕಣ್ಣಿನಿಂದ ನೋಡಲಿಲ್ಲ.

*2. ನಮ್ಮಜ್ಜಿ ಮತ್ತು ಕರಿಯ*

ನನ್ನ ಬದುಕಿನಲ್ಲಿ ಗುರುತು ಬಿಟ್ಟ ನಾಯಿ ಕರಿಯ. ಅದು ನಮ್ಮದಲ್ಲ. ಮೇಲಿನ ಬೀದಿಯ ಒಂದು ದೊಡ್ಡ ಮನೆಯದು. ಅಜ್ಜಿ ಆ ಮನೆಯ ಕಣದ ಕೆಲಸಕ್ಕೆ ಹೋಗುತ್ತಿದ್ದಳು, ನಾನೂ ಹಿಂದೆ ಹೋಗುತ್ತಿದ್ದೆ. ಕರಿಯ ಜಗಲಿಯ ಮೇಲೆ ಮಲಗಿರುತ್ತಿತ್ತು. ನಾವು ಅಂಗಳದಲ್ಲಿ ನಿಂತಿರುತ್ತಿದ್ದೆವು. ಕೂಲಿಯ ರಾಗಿಯನ್ನು ಅಜ್ಜಿಯ ಸೆರಗಿಗೆ ಮೇಲಿನಿಂದ ಸುರಿಯುತ್ತಿದ್ದರು.

ಸಂಜೆಯಾದರೆ ಅದೇ ಕರಿಯ ಜಗಲಿ ಇಳಿದು, ಬೀದಿ ದಾಟಿ ನಮ್ಮ ಕೇರಿಗೆ ಬರುತ್ತಿತ್ತು. ನಮ್ಮ ಗುಡಿಸಲಿನ ಮುಂದೆ ಕೂರುತ್ತಿತ್ತು. ಅಜ್ಜಿ ಮುದ್ದೆಯ ಒಂದು ತುಣುಕು ಮುರಿದು ಕೊಡುತ್ತಿದ್ದಳು. ತಿಂದು, ಅವಳ ಕೈ ನೆಕ್ಕಿ, ಮತ್ತೆ ಮೇಲಿನ ಬೀದಿಗೆ ಹೋಗಿ ಅದೇ ಜಗಲಿಯ ಮೇಲೆ ಮಲಗುತ್ತಿತ್ತು. ನಮ್ಮ ಮನೆಯ ಮೈಲಿಗೆಯನ್ನು ನಾಲ್ಕು ಕಾಲಿಗೂ ಮೆತ್ತಿಕೊಂಡು ಹೋದ ನಾಯಿಗೆ ಯಾರೂ ನೀರು ಚಿಮುಕಿಸಿದ್ದನ್ನು ನಾನು ಕಾಣೆ!

ಒಮ್ಮೆ ನಾನು ಕೇಳಿದೆ: "ಆ ಮನೆ ನಾಯಿಗೆ ನಮ್ಮ ಮುದ್ದೆ ಯಾಕವ್ವ? ನಮಗೇ ಸಾಲಲ್ಲ." ಅಜ್ಜಿ ಹೇಳಿದಳು: "ಆ ಮನೇಲಿ ನನ್ನ ದೂರ ನಿಲ್ಲು ಅನ್ನದೆ ಇರೋದು ಅದೊಂದೇ ಕಣೋ."

ಅಜ್ಜಿಗೆ ಅಕ್ಷರ ಗೊತ್ತಿರಲಿಲ್ಲ. ಆದರೆ ಜಾತಿ ಪ್ರಕೃತಿಯದಲ್ಲ, ಮನುಷ್ಯ ಕಲಿತದ್ದು ಎಂಬುದನ್ನು ಒಂದು ನಾಯಿಯ ನಡೆಯಿಂದ ಅವಳು ತಿಳಿದಿದ್ದಳು. ಕಲಿತದ್ದನ್ನು ಬಿಡಬಹುದು ಎಂಬುದು ನನಗೆ ಆಮೇಲೆ ಬಾಬಾಸಾಹೇಬರನ್ನು ಓದಿದಾಗ ತಿಳಿಯಿತು.

*3. ಕುಕ್ಕುರ ಜಾತಕ*

ಈಗ ಧಮ್ಮ ಸಾಹಿತ್ಯಕ್ಕೆ ಬರೋಣ. ಜಾತಕ ಕಥೆಗಳಲ್ಲಿ 22ನೆಯದು ಕುಕ್ಕುರ ಜಾತಕ. ಕುಕ್ಕುರ ಎಂದರೆ ನಾಯಿ. ಜಾತಕಗಳನ್ನು ನಾವು ಹಿಂದಿನ ಜನ್ಮಗಳ ದಾಖಲೆ ಎಂದು ಓದಬೇಕಿಲ್ಲ. ಆತ್ಮ ಒಂದು ದೇಹದಿಂದ ಇನ್ನೊಂದಕ್ಕೆ ಹೋಗುತ್ತದೆ ಎಂಬುದನ್ನು ಬಾಬಾಸಾಹೇಬರು ಒಪ್ಪಲಿಲ್ಲ. ನೀತಿ ತಿಳಿಸುವ ಜನಪದ ಕಥೆಗಳೆಂದು ಓದಿದರೆ ಸಾಕು, ಬೇಕಾದಷ್ಟು ಸಿಗುತ್ತದೆ.

ವಾರಾಣಸಿಯ ಅರಸ ಬ್ರಹ್ಮದತ್ತ ರಥದಲ್ಲಿ ಉದ್ಯಾನಕ್ಕೆ ಹೋಗಿ ಸಂಜೆ ಮರಳುತ್ತಾನೆ. ರಥ ಅರಮನೆಯ ಅಂಗಳದಲ್ಲೇ ಉಳಿಯುತ್ತದೆ. ರಾತ್ರಿ ಮಳೆ ಬಂದು ಚರ್ಮದ ಪಟ್ಟಿಗಳು ನೆನೆದು ಮೆತ್ತಗಾಗುತ್ತವೆ. ಅರಮನೆಯ ಸಾಕುನಾಯಿಗಳು ಬಂದು ಅವನ್ನು ಕಡಿದು ತಿನ್ನುತ್ತವೆ. ಬೆಳಿಗ್ಗೆ ಆಳುಗಳು, ಹೊರಗಿನ ನಾಯಿಗಳು ಮೋರಿಯಲ್ಲಿ ನುಗ್ಗಿ ತಿಂದವು ಎಂದು ವರದಿ ಕೊಡುತ್ತಾರೆ. ಅರಸ ಸಿಟ್ಟಿಗೆದ್ದು, ಕಂಡ ಕಂಡಲ್ಲಿ ನಾಯಿಗಳನ್ನು ಕೊಲ್ಲಿ ಎನ್ನುತ್ತಾನೆ. ಅರಮನೆಯ ಜಾತಿನಾಯಿಗಳಿಗೆ ಮಾತ್ರ ವಿನಾಯಿತಿ.

ಸಾಯದೆ ಉಳಿದ ನಾಯಿಗಳು ಸ್ಮಶಾನಕ್ಕೆ ಓಡುತ್ತವೆ. ಅಲ್ಲಿ ನೂರಾರು ನಾಯಿಗಳ ನಾಯಕನಾಗಿ ಬೋಧಿಸತ್ವನಿದ್ದಾನೆ. ಅವನು ಮೊದಲು ಯೋಚಿಸುತ್ತಾನೆ: ಕಾವಲಿರುವ ಅರಮನೆಗೆ ಹೊರಗಿನ ನಾಯಿ ಹೇಗೆ ಹೋದೀತು? ಇದು ಒಳಗಿನವರದೇ ಕೆಲಸ. ತಪ್ಪು ಮಾಡಿದವರು ನಿಶ್ಚಿಂತೆಯಿಂದಿದ್ದಾರೆ, ಮಾಡದವರು ಸಾಯುತ್ತಿದ್ದಾರೆ. ತನ್ನವರಿಗೆ ಧೈರ್ಯ ಹೇಳಿ ಒಬ್ಬನೇ ನಗರಕ್ಕೆ ನಡೆಯುತ್ತಾನೆ. ನೇರ ನ್ಯಾಯಸಭೆಗೆ ಹೋಗಿ ಅರಸನ ಎದುರು ನಿಲ್ಲುತ್ತಾನೆ.

ಅವನು ಬೇಡುವುದಿಲ್ಲ, ಪ್ರಶ್ನೆ ಕೇಳುತ್ತಾನೆ. ನಾಯಿಗಳ ಅಪರಾಧವೇನು? ಯಾವ ನಾಯಿ ತಿಂದಿತೆಂದು ನಿನಗೆ ಗೊತ್ತೇ? ಗೊತ್ತಿಲ್ಲದೆ ಎಲ್ಲವನ್ನೂ ಕೊಲ್ಲುವುದು ಸರಿಯೇ? ಎಲ್ಲವನ್ನೂ ಕೊಲ್ಲುತ್ತಿದ್ದೀಯಾ, ಕೆಲವನ್ನು ಬಿಟ್ಟಿದ್ದೀಯಾ? ಅರಮನೆಯವನ್ನು ಬಿಟ್ಟಿದ್ದೇನೆ ಎಂದು ಅರಸ ಒಪ್ಪಿಕೊಂಡಾಗ ಬೋಧಿಸತ್ವ ಹೇಳುವುದು ಇಷ್ಟು: ಇದು ಶಿಕ್ಷೆಯಲ್ಲ, ಪಕ್ಷಪಾತ. ದುರ್ಬಲರನ್ನು ಆರಿಸಿ ಕೊಲ್ಲುವುದು. ನ್ಯಾಯ ಹೇಳುವವನು ತಕ್ಕಡಿಯಂತಿರಬೇಕು. ಆಮೇಲೆ ಮಜ್ಜಿಗೆ ಮತ್ತು ದರ್ಭೆ ಹುಲ್ಲು ತರಿಸಿ ಅರಮನೆ ನಾಯಿಗಳಿಗೆ ಕುಡಿಸಲು ಹೇಳುತ್ತಾನೆ. ಅವು ಚರ್ಮದ ಚೂರುಗಳನ್ನು ಕಾರುತ್ತವೆ. ಸತ್ಯ ಎಲ್ಲರ ಎದುರು ಬೀಳುತ್ತದೆ. ಅರಸ ಎಲ್ಲ ಜೀವಿಗಳಿಗೂ ಅಭಯ ಕೊಡುತ್ತಾನೆ.

*4. ಈ ಕಥೆಯಿಂದ ಕಲಿಯಬೇಕಾದ್ದು*

ಮೊದಲನೆಯದು, *ಸಾಕ್ಷ್ಯ*. ಬೋಧಿಸತ್ವ ಪವಾಡ ಮಾಡಲಿಲ್ಲ, ಶಾಪ ಹಾಕಲಿಲ್ಲ. ಪರೀಕ್ಷೆ ಮಾಡಿ ತೋರಿಸಿದ.

ಎರಡನೆಯದು, *ಕುಲಕ್ಕೆ ಶಿಕ್ಷೆ ಸಲ್ಲದು*. ಬ್ರಿಟಿಷರು 1871ರಲ್ಲಿ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ತಂದು ಇಡೀ ಸಮುದಾಯಗಳನ್ನು ಹುಟ್ಟು ಅಪರಾಧಿಗಳೆಂದು ಪಟ್ಟಿ ಮಾಡಿದರು. ಅದು ರದ್ದಾದದ್ದು 1952ರಲ್ಲಿ. ಇಂದಿಗೂ ಊರಲ್ಲಿ ಕಳ್ಳತನವಾದರೆ ಮೊದಲು ಯಾವ ಕೇರಿಗೆ ಬರುತ್ತಾರೆ ಎಂಬುದು ನಿಮಗೇ ಗೊತ್ತು. ಬ್ರಹ್ಮದತ್ತನ ಆಜ್ಞೆ ಹಳೆಯ ಕಥೆಯಲ್ಲ. ಸಂವಿಧಾನದ 14ನೆಯ ವಿಧಿ ಆ ತಕ್ಕಡಿಯನ್ನೇ ಹಿಡಿದಿದೆ.

ಮೂರನೆಯದು, *ತನ್ನವರ ಹಿತ*. ತಥಾಗತರು ಈ ಕಥೆಯನ್ನು ಜೇತವನದಲ್ಲಿ, ಬಂಧುಗಳ ಹಿತಕ್ಕಾಗಿ ದುಡಿಯುವುದರ ಬಗ್ಗೆ ಹೇಳಿದರೆಂದು ಪೀಠಿಕೆ ತಿಳಿಸುತ್ತದೆ. ಆ ನಾಯಕನಿಗೆ ತನ್ನ ಜೀವ ಉಳಿಸಿಕೊಂಡು ಸ್ಮಶಾನದಲ್ಲೇ ಇರಬಹುದಿತ್ತು. ಅವನು ಹಾಗಿರಲಿಲ್ಲ. ಓದಿ ನೌಕರಿ ಹಿಡಿದು ಪಟ್ಟಣ ಸೇರಿದ ನಮ್ಮಂಥವರು ಈ ಮಾತನ್ನು ಎರಡು ಸಲ ಓದಬೇಕು.

*5. ನಿಯತ್ತು ಮತ್ತು ನ್ಯಾಯ*

ಜಗತ್ತು ನಾಯಿಗಳನ್ನು ನೆನೆಯುವುದು ಹೆಚ್ಚಾಗಿ ನಿಯತ್ತಿಗಾಗಿ. ನಮ್ಮ ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಕ್ರಿ.ಶ. 949-50ರ ಒಂದು ಕಲ್ಲಿತ್ತು, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ತಕ್ಕೋಲದ ಯುದ್ಧದ ನಂತರ, ಗಂಗ ಬೂತುಗನ ಕಡೆಯ ಮಣಲೆರ ಎಂಬ ವೀರನಿಗೆ ಏನು ಬೇಕು ಕೇಳು ಎಂದಾಗ, ಅವನು ಕೇಳಿ ಪಡೆದದ್ದು 'ಕಾಳಿ' ಎಂಬ ನಾಯಿಯನ್ನು. ಕಾಳಿ ದೊಡ್ಡ ಹಂದಿಯೊಂದಿಗೆ ಕಾದಾಡಿ, ಎರಡೂ ಸತ್ತವು. ಕಾಳಿಯ ನೆನಪಿಗೆ ಕಲ್ಲು ನಿಲ್ಲಿಸಿ ಭೂಮಿ ದತ್ತಿ ಬಿಟ್ಟರು. ಸಾವಿರ ವರ್ಷಗಳ ಮೇಲೂ ಒಂದು ನಾಯಿಯ ಹೆಸರು ಕನ್ನಡದಲ್ಲಿ ಉಳಿದಿದೆ.

ಜಪಾನಿನ ಹಾಚಿಕೊ ಕಥೆ ನಿಮಗೆ ಗೊತ್ತು. ಪ್ರೊಫೆಸರ್ ಉಯೆನೊ 1925ರ ಮೇ ತಿಂಗಳಲ್ಲಿ ತೀರಿಕೊಂಡ ಮೇಲೂ ಆ ನಾಯಿ ಸುಮಾರು ಹತ್ತು ವರ್ಷ, 1935ರ ಮಾರ್ಚ್‌ನಲ್ಲಿ ಸಾಯುವವರೆಗೆ, ಶಿಬುಯಾ ರೈಲು ನಿಲ್ದಾಣಕ್ಕೆ ಬಂದು ಕಾಯುತ್ತಿತ್ತು.

ಇವು ಮನಸ್ಸು ತುಂಬುವ ಕಥೆಗಳು. ಆದರೆ ನಾವು ಒಂದು ಎಚ್ಚರ ಇಟ್ಟುಕೊಳ್ಳಬೇಕು. 'ನಾಯಿಗಿರುವ ನಿಯತ್ತು ನಿನಗಿಲ್ಲ' ಎಂಬ ಮಾತನ್ನು ಜೀತದಾಳಿಗೆ ಹೇಳುತ್ತಿದ್ದರು. ಜೀತ ಪದ್ಧತಿಯನ್ನು ಕಾನೂನು ರದ್ದು ಮಾಡಿದ್ದು 1976ರಲ್ಲಿ. ಅದಕ್ಕೂ ಮೊದಲು ಎಷ್ಟು ತಲೆಮಾರು ಆ ಮಾತನ್ನು ಕೇಳಿ ತಲೆ ತಗ್ಗಿಸಿತೋ! ಪ್ರೀತಿಯಿಂದ ಹುಟ್ಟಿದ ನಿಯತ್ತು ಬೇರೆ, ಸಾಲದಿಂದ ಹೊರಿಸಿದ ನಿಯತ್ತು ಬೇರೆ. ಆದ್ದರಿಂದಲೇ ಕಾಳಿ, ಹಾಚಿಕೊಗಳ ಪಕ್ಕದಲ್ಲಿ ಸ್ಮಶಾನದ ಆ ನಾಯಿಯನ್ನೂ ನಾವು ನೆನೆಯಬೇಕು. ಅದಕ್ಕೆ ಒಡೆಯನಿರಲಿಲ್ಲ. ಅದು ಅರಸನನ್ನೇ ಪ್ರಶ್ನಿಸಿತು.

*6. ನಾಯಿಯಾಗುವುದು ಬೇಡ, ನಾಯಿಯನ್ನು ಹಳಿಯುವುದೂ ಬೇಡ*

ಮಜ್ಝಿಮ ನಿಕಾಯದ 57ನೆಯ ಸುತ್ತದಲ್ಲಿ ಸೇನಿಯ ಎಂಬ ತಪಸ್ವಿ ಬರುತ್ತಾನೆ. ಅವನು ಬಹುಕಾಲ ನಾಯಿಯಂತೆ ಬದುಕುವ ವ್ರತ ಹಿಡಿದವನು. ನೆಲಕ್ಕೆ ಎಸೆದದ್ದನ್ನೇ ತಿನ್ನುವವನು. ಇದರ ಫಲವೇನು ಎಂದು ಕೇಳಿದಾಗ ತಥಾಗತರು ಎರಡು ಸಲ ಉತ್ತರಿಸಲು ಒಪ್ಪುವುದಿಲ್ಲ. ಮೂರನೆಯ ಸಲ, ನಾಯಿಯ ನಡೆ ರೂಢಿಸಿಕೊಂಡವನಿಗೆ ಸಿಗುವುದು ನಾಯಿಯ ಸಹವಾಸವೇ ಹೊರತು ದೇವತ್ವವಲ್ಲ ಎನ್ನುತ್ತಾರೆ. ಸೇನಿಯ ಅಳುತ್ತಾನೆ. ಕೊನೆಗೆ ಸಂಘ ಸೇರಿ ಅರಹಂತನಾಗುತ್ತಾನೆ.

ತನ್ನನ್ನು ತಾನು ಕೀಳಾಗಿಸಿಕೊಂಡರೆ ಪುಣ್ಯ ಬರುತ್ತದೆ ಎಂಬ ನಂಬಿಕೆಯನ್ನು ತಥಾಗತರು ಅಂದೇ ತಳ್ಳಿಹಾಕಿದರು. ಎಂಜಲೆಲೆಯ ಮೇಲೆ ಉರುಳುವ ಮಡೆಸ್ನಾನವನ್ನು ನಿಲ್ಲಿಸಲು ನಮ್ಮ ರಾಜ್ಯಕ್ಕೆ 2017ರಲ್ಲಿ ಕಾನೂನೇ ಬೇಕಾಯಿತು.

*7. ಕರುಣೆಯಿಂದ ಮೈತ್ರಿಗೆ*

'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ಬಾಬಾಸಾಹೇಬರು ಕರುಣೆಗೂ ಮೈತ್ರಿಗೂ ವ್ಯತ್ಯಾಸ ಹೇಳುತ್ತಾರೆ. ಕರುಣೆ ಮನುಷ್ಯರ ಮೇಲಿನ ಪ್ರೀತಿ. ಮೈತ್ರಿ ಅದನ್ನು ದಾಟಿ ಎಲ್ಲ ಜೀವಿಗಳಿಗೆ ಹರಡುವುದು. 1956ರಲ್ಲಿ ನಾಗಪುರದಲ್ಲಿ ಕೊಟ್ಟ 22 ಪ್ರತಿಜ್ಞೆಗಳಲ್ಲಿ 13ನೆಯದು ಇದೇ. ಸಾಮ್ರಾಟ ಅಶೋಕರ ಎರಡನೆಯ ಬಂಡೆಶಾಸನವೂ ಮನುಷ್ಯರಿಗೆ, ಪ್ರಾಣಿಗಳಿಗೆ ಇಬ್ಬರಿಗೂ ಚಿಕಿತ್ಸೆ, ಬಾವಿ, ಮರಗಳ ವ್ಯವಸ್ಥೆ ಮಾಡಿದ್ದನ್ನು ಹೇಳುತ್ತದೆ. ಚವದಾರ್ ಕೆರೆಯ ಕಾವಲುಗಾರರು ಅಶೋಕರ ಆ ಬಾವಿಯಿಂದ ಎಷ್ಟು ದೂರ ಬಂದುಬಿಟ್ಟಿದ್ದರು ನೋಡಿ.

ಮೈತ್ರಿಗೆ ಪ್ರಜ್ಞೆಯೂ ಬೇಕು. ಬೀದಿನಾಯಿ ಕಚ್ಚುವುದು ಹೆಚ್ಚಾಗಿ ಕಾರಿನಲ್ಲಿ ಹೋಗುವವರ ಮಕ್ಕಳನ್ನಲ್ಲ, ನಡೆದು ಶಾಲೆಗೆ ಬರುವ ನಮ್ಮ ಮಕ್ಕಳನ್ನು. ಕಚ್ಚಿದರೆ ಅರಿಶಿನ, ಸುಣ್ಣ, ಖಾರದ ಪುಡಿ ಹಚ್ಚಬೇಡಿ. ಹರಿಯುವ ನೀರು ಮತ್ತು ಸೋಪಿನಲ್ಲಿ 15 ನಿಮಿಷ ಗಾಯ ತೊಳೆದು, ತಡಮಾಡದೆ ಆಸ್ಪತ್ರೆಗೆ ಹೋಗಿ ರೇಬೀಸ್ ಲಸಿಕೆ ಪೂರ್ತಿ ಹಾಕಿಸಿ. ರೋಗದ ಲಕ್ಷಣ ಶುರುವಾದ ಮೇಲೆ ಜೀವ ಉಳಿಯುವುದು ಬಹಳ ಅಪರೂಪ. ನಾಯಿಗಳಿಗೆ ಲಸಿಕೆ ಮತ್ತು ಸಂತಾನಹರಣ ಮಾಡಿಸುವಂತೆ ಗ್ರಾಮ ಪಂಚಾಯಿತಿಯನ್ನು ಲಿಖಿತವಾಗಿ ಕೇಳಿ. ಎಲ್ಲವನ್ನೂ ಕೊಲ್ಲಿ ಎನ್ನುವುದು ಬ್ರಹ್ಮದತ್ತನ ದಾರಿ. ಏನೂ ಮಾಡದೆ ಅಯ್ಯೋ ಪಾಪ ಎನ್ನುವುದೂ ಧಮ್ಮವಲ್ಲ.

*ಇಂದಿನ ಅಭ್ಯಾಸ*

🔹 ಇಂದು ಯಾರನ್ನೂ 'ನಾಯಿ' ಎಂದು ಬೈಯದಿರೋಣ. ಮಕ್ಕಳು ಬೈದರೆ ಈ ಕಥೆ ಹೇಳೋಣ.
🔹 ಬೇಸಿಗೆಯಲ್ಲಿ ಮನೆಯ ಮುಂದೆ ಒಂದು ಬಟ್ಟಲು ನೀರಿಡೋಣ.
🔹 ಯಾವುದಾದರೂ ಆರೋಪ ಕಿವಿಗೆ ಬಿದ್ದರೆ ಬೋಧಿಸತ್ವನ ಪ್ರಶ್ನೆ ಕೇಳೋಣ: ಯಾರು ಮಾಡಿದ್ದು ಎಂದು ಗೊತ್ತೇ?

*ಸಂಜೆಯ ಚರ್ಚೆಗೆ*

1. ನಿಮ್ಮ ಬದುಕಿನಲ್ಲಿ ಗುರುತು ಬಿಟ್ಟ ನಾಯಿ ಯಾವುದು? ಅದು ನಿಮಗೆ ಕಲಿಸಿದ್ದೇನು?
2. ನಿಯತ್ತು ಯಾವಾಗ ಗುಣ, ಯಾವಾಗ ಸಂಕೋಲೆ?
3. ನಮ್ಮ ಊರಿನಲ್ಲಿ ಕೆಲವರ ತಪ್ಪಿಗೆ ಇಡೀ ಕೇರಿಯನ್ನು ದೂರಿದ ಉದಾಹರಣೆ ಇದೆಯೇ? ಆಗ ನಾವು ಏನು ಮಾಡಿದೆವು?

ಉತ್ತರಗಳನ್ನು ಧ್ವನಿ ಸಂದೇಶದಲ್ಲೂ ಕಳಿಸಬಹುದು. ಬರೆಯಲು ಬಾರದ ಹಿರಿಯರ ಮಾತನ್ನು ಮನೆಯ ಮಕ್ಕಳು ಬರೆದು ಹಾಕಿ.

ಸಬ್ಬೇ ಸತ್ತಾ ಸುಖಿ ಹೋಂತು.
ಭವತು ಸಬ್ಬ ಮಂಗಲಂ.
ಸಾಧು, ಸಾಧು, ಸಾಧು 🙏
ಜೈ ಭೀಮ್ 💙