ಗುಗ್ಗುಳ: ಒಂದು ಹೆಸರು, ಹಲವು ಗಿಡಗಳು

ಪೀಠಿಕೆ

ಗುಗ್ಗುಳವೆಂಬ ಶಬ್ದವನ್ನು ಐಚ್ಛಿಕ ಕನ್ನಡದ ವಿದ್ಯಾರ್ಥಿಗಳು ಸಾಮಾನ್ಯವಾಗಿ ಜಾನಪದದ ಪಾಠದಲ್ಲಿ ಎದುರುಗೊಳ್ಳುತ್ತಾರೆ. ವೀರಭದ್ರನನ್ನು ಮನೆದೇವರಾಗಿ ಪೂಜಿಸುವ ಮನೆತನಗಳಲ್ಲಿ ಮದುವೆಯಂಥ ಶುಭಕಾರ್ಯದೊಡನೆ ಗುಗ್ಗುಳ ಹೊರಡಿಸುವ ಪದ್ಧತಿಯಿದೆ. ಮಣ್ಣಿನ ಕೊಡದಲ್ಲಿ ಬೆಂಕಿ ಹೊತ್ತಿಸಿ, ಧೂಪ ಹಾಕಿ, ಅದನ್ನು ಹೊತ್ತು ಮೆರವಣಿಗೆಯಲ್ಲಿ ನಡೆಯುತ್ತಾರೆ. ಮುಂದೆ ಪುರವಂತರು ಖಡ್ಗ ಹಿಡಿದು ವೀರಾವೇಶದಿಂದ ಒಡಪು ಹೇಳುತ್ತಾರೆ. ಆಡುಮಾತಿನಲ್ಲಿ ಇದು 'ಗುಗ್ಗಳ'. ಕಲ್ಯಾಣ ಕರ್ನಾಟಕದಲ್ಲಿ ಮಾತ್ರವಲ್ಲ, ನಾರಾಯಣಪೇಟೆ, ಮಕ್ತಲ್, ಗದ್ವಾಲ್ ಭಾಗದ ಕನ್ನಡ ಮನೆಗಳಿಗೂ ಈ ಮಾತು ಹೊಸದಲ್ಲ.

ಆಚರಣೆಗೆ ಈ ಹೆಸರು ಬಂದುದು ಕೊಡದಲ್ಲಿ ಉರಿಯುವ ಧೂಪದ್ರವ್ಯದಿಂದ. ಆ ದ್ರವ್ಯ ದೊರೆಯುವುದು ಒಂದು ಮುಳ್ಳುಪೊದೆಯ ಕಾಂಡದಿಂದ. ಆ ಪೊದೆ ಇಂದು ಅಳಿವಿನ ಅಂಚಿನಲ್ಲಿದೆ. ಶಬ್ದವನ್ನು ಬಲ್ಲವರು ಲಕ್ಷಗಟ್ಟಲೆ. ಗಿಡವನ್ನು ಕಂಡವರು ತೀರ ವಿರಳ. ಈ ಅಂತರ ಏಕೆ ಉಂಟಾಯಿತು, ಗಿಡದ ಹುಟ್ಟಿನ ರೀತಿಯಲ್ಲೇ ಅಡಗಿರುವ ಕಾರಣವೇನು, ಅದರ ಔಷಧಗುಣದ ಬಗ್ಗೆ ಎಷ್ಟನ್ನು ನಂಬಬಹುದು, ಇದರಲ್ಲಿ ಕನ್ನಡ ವಿದ್ಯಾರ್ಥಿಗೆ ಯಾವ ಕೆಲಸವಿದೆ ಎಂಬುದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಹೆಸರಿನ ಜಾಡು

ಸಂಸ್ಕೃತದ 'ಗುಗ್ಗುಲು' ಕನ್ನಡದಲ್ಲಿ ಗುಗ್ಗುಲ, ಗುಗ್ಗುಳ, ಗುಗ್ಗಳ ಎಂಬ ರೂಪಗಳನ್ನು ಪಡೆದಿದೆ. ಲಕಾರವು ಳಕಾರವಾಗುವುದು ಕನ್ನಡದ ತದ್ಭವಗಳಲ್ಲಿ ನಾವು ಪದೇ ಪದೇ ಕಾಣುವ ಬದಲಾವಣೆ. ಅಥರ್ವವೇದದಲ್ಲಿಯೇ ಗುಗ್ಗುಲುವಿನ ಉಲ್ಲೇಖವಿದೆ. ವೈದ್ಯ ನಿಘಂಟುಗಳಲ್ಲಿ ದೇವಧೂಪ, ಕೌಶಿಕ, ಪುರ, ಪಲಂಕಷ ಮೊದಲಾದ ಪರ್ಯಾಯನಾಮಗಳಿವೆ. 'ಭಾವಪ್ರಕಾಶ'ವು ಮಹಿಷಾಕ್ಷ, ಮಹಾನೀಲ, ಕುಮುದ, ಪದ್ಮ, ಹಿರಣ್ಯ ಎಂದು ಐದು ಬಗೆಗಳನ್ನು ಹೇಳಿ, ಕೆಲವನ್ನು ಆನೆಗೆ, ಕೆಲವನ್ನು ಕುದುರೆಗೆ, ಹಿರಣ್ಯವನ್ನು ಮನುಷ್ಯನಿಗೆ ವಿಧಿಸುತ್ತದೆ. ಬಣ್ಣ ಮತ್ತು ಗುಣ ನೋಡಿ ಮಾಡಿದ ಈ ವಿಂಗಡಣೆಯಿಂದ, ಒಂದೇ ಹೆಸರಿನಡಿ ಹಲವು ಬಗೆಯ ಅಂಟುಗಳು ಬಹಳ ಹಿಂದೆಯೇ ಬಳಕೆಯಲ್ಲಿದ್ದವೆಂದು ತಿಳಿಯುತ್ತದೆ.

ಗಡಿಭಾಗದಲ್ಲಿ ಈ ತೊಡಕು ಇನ್ನೂ ಹೆಚ್ಚು. ಗದ್ವಾಲ್ ಮತ್ತು ಆಲಂಪುರ ತಾಲ್ಲೂಕುಗಳು 1956ರ ರಾಜ್ಯ ಪುನರ್ವಿಂಗಡಣೆಯವರೆಗೂ ರಾಯಚೂರು ಜಿಲ್ಲೆಗೆ ಸೇರಿದ್ದವು. ಕೃಷ್ಣಾ ತುಂಗಭದ್ರೆಗಳ ನಡುವಿನ ಈ ನೆಲದಲ್ಲಿಯೂ ಕೃಷ್ಣೆಯ ಬಡಗಣ ಮಕ್ತಲ್, ನಾರಾಯಣಪೇಟೆಗಳಲ್ಲಿಯೂ ಕನ್ನಡ, ತೆಲುಗು, ಉರ್ದು ಒಂದೇ ಸಂತೆಯಲ್ಲಿ ಕೇಳಿಬರುತ್ತವೆ. ತೆಲುಗಿನ 'ಗುಗ್ಗಿಲಂ' ಕಿವಿಗೆ ಗುಗ್ಗುಳದಂತೆಯೇ ಕೇಳಿಸಿದರೂ ಅದು ಸಾಲವೃಕ್ಷದ ಜಾತಿಯ ಮರಗಳ ರಾಳಕ್ಕೂ ಸಲ್ಲುವ ಹೆಸರು. ಧೂಪದ ಅಂಗಡಿಯ 'ಮೈಸಾಕ್ಷಿ' ಎಂಬುದು ಸಂಸ್ಕೃತದ ಮಹಿಷಾಕ್ಷದ ರೂಪಾಂತರ. ಯುನಾನಿ ವೈದ್ಯರು ಇದೇ ಅಂಟನ್ನು 'ಮುಕ್ಲ್' ಎನ್ನುತ್ತಾರೆ. ಕನ್ನಡಿಗನು ಗುಗ್ಗುಳ ಕೇಳಿದರೆ ತೆಲುಗು ವರ್ತಕನು ಗುಗ್ಗಿಲಂ ತೂಗಿಕೊಡಬಹುದು. ಧೂಪಕ್ಕೆ ಇದರಿಂದ ದೊಡ್ಡ ಬಾಧಕವಿಲ್ಲ, ಔಷಧಕ್ಕೆ ಇದೆ.

ಗಿಡದ ಪರಿಚಯ

ವಿಜ್ಞಾನಿಗಳು ಗುಗ್ಗುಳದ ಗಿಡವನ್ನು 'ಕಾಮಿಫೋರಾ ವೈಟಿಐ' ಎಂದು ಕರೆಯುತ್ತಾರೆ. ಕುಲನಾಮವು ಗ್ರೀಕ್ ಮೂಲದ್ದು. 'ಅಂಟನ್ನು ಹೊರುವುದು' ಎಂದು ಅದರ ಅರ್ಥ. ಜಾತಿನಾಮವು ದಕ್ಷಿಣ ಭಾರತದ ಸಸ್ಯಗಳನ್ನು ಅಭ್ಯಸಿಸಿದ ರಾಬರ್ಟ್ ವೈಟ್ ಅವರ ಸ್ಮರಣೆಗೆ ಇಟ್ಟದ್ದು. ಹಿಂದೆ ಬಳಕೆಯಲ್ಲಿದ್ದ 'ಮುಕುಲ್' ಎಂಬ ಜಾತಿನಾಮದಲ್ಲಿ ಯುನಾನಿಯ ಹೆಸರೇ ಉಳಿದಿತ್ತು. ಬೋಳವನ್ನು ಕೊಡುವ ಗಿಡವೂ ಇದೇ ಕುಲಕ್ಕೆ ಸೇರಿದೆ. ದಕ್ಷಿಣದ ಬಂಡೆಗುಡ್ಡಗಳಲ್ಲಿ ಬೆಳೆಯುವ ಕೊಂಡಮಾವು ಇದರ ದಾಯಾದಿ.

ಗುಗ್ಗುಳ ನಾಲ್ಕು ಮೀಟರಿನೊಳಗೆ ನಿಲ್ಲುವ, ವಕ್ರವಾಗಿ ಕವಲೊಡೆಯುವ ಪೊದೆ. ರೆಂಬೆಗಳ ತುದಿ ಮುಳ್ಳಾಗಿ ಮೊನಚಾಗಿರುತ್ತದೆ. ತೊಗಟೆಯ ಹೊರಪದರ ತೆಳುವಾದ ಕಾಗದದಂತೆ ಸುಲಿದು ಬರುತ್ತದೆ. ವರ್ಷದ ಬಹುಕಾಲ ಬೋಳಾಗಿ ನಿಂತು, ಮಳೆ ಬಿದ್ದಾಗ ಚಿಗುರುತ್ತದೆ. ಹೂಗಳು ಬಹಳ ಚಿಕ್ಕವು, ಕೆಂಪು ಅಥವಾ ನಸುಗೆಂಪು. ಹಣ್ಣು ಮಾಗಿದಾಗ ಕೆಂಪಾಗುತ್ತದೆ. ರಾಜಸ್ಥಾನ, ಗುಜರಾತುಗಳ ಒಣನೆಲ ಇದರ ಮುಖ್ಯ ನೆಲೆ; ಕರ್ನಾಟಕದ ಬಯಲುಸೀಮೆಯಿಂದಲೂ ವರದಿಯಾಗಿದೆ.

ಸಂತಾನದ ಗುಟ್ಟು

ಸಾಮಾನ್ಯವಾಗಿ ಬೀಜದೊಳಗಿನ ಭ್ರೂಣಕ್ಕೆ ತಾಯಿಯಿಂದ ಅರ್ಧ, ತಂದೆಯಿಂದ ಅರ್ಧ ವಂಶವಾಹಿಗಳು ಬರುತ್ತವೆ. ಗುಗ್ಗುಳದ ಕೋಶದಲ್ಲಿ 26 ವರ್ಣತಂತುಗಳಿವೆ. ನಿಯಮದಂತೆ ನಡೆದರೆ ಅಂಡದಿಂದ 13, ಪರಾಗದಿಂದ 13 ಸೇರಬೇಕು. ಈ ಗಿಡದಲ್ಲಿ ಹೆಚ್ಚಾಗಿ ನಡೆಯುವುದು ಬೇರೆಯೇ.

1996ರಲ್ಲಿ ಗುಪ್ತಾ, ಕೆ. ಆರ್. ಶಿವಣ್ಣ ಮತ್ತು ಎಚ್. ವೈ. ಮೋಹನರಾಮ್ ಪ್ರಕಟಿಸಿದ ಸಂಶೋಧನೆ ಇದನ್ನು ವಿವರಿಸಿತು. ಮೋಹನರಾಮ್ ಮೈಸೂರಿನಲ್ಲಿ ಹುಟ್ಟಿ ದೆಹಲಿ ವಿಶ್ವವಿದ್ಯಾಲಯದಲ್ಲಿ ಸಸ್ಯವಿಜ್ಞಾನ ಕಲಿಸಿದವರು, ಎಚ್. ವೈ. ಶಾರದಾಪ್ರಸಾದರ ಸಹೋದರರು. ಈ ತಂಡ ಕಂಡ ಗುಗ್ಗುಳದ ಗಿಡಗಳಲ್ಲಿ ಹೆಚ್ಚಿನವು ಹೆಣ್ಣು. ಗಂಡು ಹೂವಿನ ಗಿಡಗಳು ಬೆರಳೆಣಿಕೆಯಷ್ಟು. ಪರಾಗಸ್ಪರ್ಶವಿಲ್ಲದಿದ್ದರೂ ಹೆಣ್ಣು ಗಿಡಗಳು ಕಾಯಿ ಕಟ್ಟಿದವು, ಬೀಜವೂ ಆಯಿತು. ಅಂಡಕದ ಒಳಗೆ ಭ್ರೂಣಚೀಲವನ್ನು ಸುತ್ತುವರಿದಿರುವ ತಾಯಿಯ ಅಂಗಾಂಶದ ಕೋಶಗಳೇ ನೇರವಾಗಿ ಭ್ರೂಣಗಳಾಗಿ ಬೆಳೆದಿದ್ದವು. ಒಂದೇ ಬೀಜದಲ್ಲಿ ಒಂದಕ್ಕಿಂತ ಹೆಚ್ಚು ಭ್ರೂಣಗಳೂ ಇದ್ದವು. ಪಶ್ಚಿಮ ಕರಾವಳಿಯ ಕೆಲವು ಮಾವಿನ ತಳಿಗಳಲ್ಲಿ ಒಂದು ಗೊರಟೆಯಿಂದ ಹಲವು ಸಸಿಗಳು ಏಳುವುದನ್ನು ನೋಡಿದವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ.

ಇದನ್ನು ಸಾಹಿತ್ಯದ ವಿದ್ಯಾರ್ಥಿಗಳು ಗ್ರಂಥಸಂಪಾದನೆಯ ಪರಿಭಾಷೆಯಲ್ಲಿ ಗ್ರಹಿಸಬಹುದು. ಎರಡು ಮಾತೃಕೆಗಳನ್ನು ಎದುರಿಗಿಟ್ಟು ಬರೆದ ಪ್ರತಿಯಲ್ಲಿ ಎರಡರ ಪಾಠಗಳೂ ಬೆರೆಯುತ್ತವೆ. ಸಾಮಾನ್ಯ ಬೀಜ ಅಂಥದು. ಒಂದೇ ಓಲೆಗರಿಯನ್ನು ಅಕ್ಷರಶಃ ನಕಲು ಮಾಡಿದಾಗ ಮೂಲದ ಪಾಠವೇ ಮುಂದುವರಿಯುತ್ತದೆ, ಲಿಪಿಕಾರನ ಕೈತಪ್ಪಿನಿಂದ ಅಲ್ಲಲ್ಲಿ ಮಾತ್ರ ವ್ಯತ್ಯಾಸ ನುಸುಳುತ್ತದೆ. ಗುಗ್ಗುಳದ ಬೀಜ ಬಹುಮಟ್ಟಿಗೆ ಅಂಥದು. ಡಿಎನ್‌ಎ ಹೋಲಿಕೆಯಿಂದ ವಿಜ್ಞಾನಿಗಳು ಗಿಡಗಳ ನಂಟನ್ನು ಗುರುತಿಸುವ ರೀತಿಯೂ ಸಂಪಾದಕನು ಪಾಠಾಂತರಗಳಿಂದ ಪ್ರತಿಗಳ ಶಾಖೆಗಳನ್ನು ಗುರುತಿಸುವ ರೀತಿಯೂ ತತ್ತ್ವದಲ್ಲಿ ಒಂದೇ.

ಒಣನೆಲದಲ್ಲಿ ಇಂಥ ಸಂತಾನಕ್ರಮದಿಂದ ಅನುಕೂಲವಿದೆ. ಜೊತೆಗಾರ ಗಿಡವಿಲ್ಲದೆಯೂ ಒಂಟಿ ಗಿಡ ಬೀಜ ಕೊಡಬಲ್ಲದು. ಉತ್ತಮ ಅಂಟು ಕೊಡುವ ಗಿಡದ ಗುಣ ಕಲಬೆರಕೆಯಾಗದೆ ಮುಂದಿನ ಪೀಳಿಗೆಗೆ ಸಾಗುತ್ತದೆ. ಅಪಾಯವೂ ಅಲ್ಲಿಯೇ ಇದೆ. ಒಂದು ಗುಡ್ಡದ ನೂರು ಗಿಡಗಳು ಒಂದೇ ತಾಯಿಯ ಪ್ರತಿಗಳಾಗಿದ್ದರೆ, ಒಂದನ್ನು ಕೊಲ್ಲುವ ರೋಗ ನೂರನ್ನೂ ಕೊಲ್ಲಬಹುದು. ಒಂದು ಗುಡ್ಡದ ಗಿಡಗಳೆಲ್ಲ ನಾಶವಾದರೆ, ಅಲ್ಲಿ ಮಾತ್ರ ಇದ್ದ ವಂಶವಾಹಿಗಳ ಜೋಡಣೆಯೂ ಅಲ್ಲಿಗೇ ಮುಗಿಯುತ್ತದೆ. ಹೊಸ ಜೋಡಣೆಗೆ ಬೇಕಾದ ಗಂಡು ಗಿಡಗಳೋ ಅಪರೂಪ. ಆದ್ದರಿಂದ ಗುಗ್ಗುಳದ ವಿಷಯದಲ್ಲಿ ಗಿಡಗಳ ಸಂಖ್ಯೆಯನ್ನು ಎಣಿಸಿದರೆ ಸಾಲದು. ಅವು ಎಷ್ಟು ಬೇರೆ ಬೇರೆ ತಾಯಿಯರಿಂದ ಬಂದವು ಎಂಬುದನ್ನೂ ನೋಡಬೇಕು.

ಔಷಧಗುಣ: ಗ್ರಂಥದಿಂದ ಪ್ರಯೋಗಶಾಲೆಗೆ

ಆಯುರ್ವೇದದಲ್ಲಿ ಶುದ್ಧಿ ಮಾಡಿದ ಗುಗ್ಗುಳವನ್ನು ಯೋಗರಾಜ ಗುಗ್ಗುಲು, ತ್ರಿಫಲಾ ಗುಗ್ಗುಲು ಮೊದಲಾದ ಯೋಗಗಳಲ್ಲಿ ವಾತ, ಸಂಧಿನೋವು, ಮೇದಸ್ಸಿನ ವಿಕಾರಗಳಿಗೆ ಬಳಸುತ್ತಾರೆ. ಆಧುನಿಕ ಸಂಶೋಧನೆ ಒಂದು ಪ್ರಾಚೀನ ಗ್ರಂಥದ ಓದಿನಿಂದ ಆರಂಭವಾಯಿತು. ಸುಶ್ರುತ ಸಂಹಿತೆಯಲ್ಲಿ ಬರುವ ಮೇದೋರೋಗದ ವಿವರಣೆಗೂ ರಕ್ತನಾಳಗಳಲ್ಲಿ ಕೊಬ್ಬು ಸೇರುವ ರೋಗದ ಇಂದಿನ ವಿವರಣೆಗೂ ಸಾಮ್ಯವಿದೆಯೆಂದು ಜಿ. ವಿ. ಸತ್ಯವತಿ ಗಮನಿಸಿದರು. ಗುಗ್ಗುಳವನ್ನು ಮೊಲಗಳ ಮೇಲೆ ಪರೀಕ್ಷಿಸಿ, 1966ರಲ್ಲಿ ಬನಾರಸ್ ಹಿಂದೂ ವಿಶ್ವವಿದ್ಯಾಲಯಕ್ಕೆ ಪ್ರಬಂಧ ಸಲ್ಲಿಸಿದರು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಮಹಾನಿರ್ದೇಶಕರಾದ ಮೊದಲ ಮಹಿಳೆ ಅವರೇ. ಹಳೆಯ ಗ್ರಂಥವನ್ನು ಅರ್ಥವಿಟ್ಟು ಓದುವುದರಿಂದ ಎಂಥ ಪ್ರಶ್ನೆ ಹುಟ್ಟಬಹುದೆಂಬುದಕ್ಕೆ ಇದು ಒಳ್ಳೆಯ ನಿದರ್ಶನ.

1970ರ ದಶಕದ ಆರಂಭದಲ್ಲಿ ಸುಖದೇವ್ ಮತ್ತು ಸಂಗಡಿಗರು ಈ ಅಂಟಿನಿಂದ ಗುಗ್ಗುಲ್‌ಸ್ಟೆರೋನ್ ಎಂಬ ಸಂಯುಕ್ತಗಳನ್ನು ಬೇರ್ಪಡಿಸಿದರು. ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆ ಗುಗ್ಗುಳದ ಸಾರದಿಂದ ಕೊಲೆಸ್ಟರಾಲ್ ತಗ್ಗಿಸುವ ಔಷಧವನ್ನು ರೂಪಿಸಿತು. 1980ರ ದಶಕದಲ್ಲಿ ಅದು ಮಾರುಕಟ್ಟೆಗೆ ಬಂತು. 2002ರಲ್ಲಿ ಅಮೆರಿಕದ ವಿಜ್ಞಾನಿಗಳು, ಯಕೃತ್ತಿನಲ್ಲಿ ಪಿತ್ತಾಮ್ಲಗಳ ಪ್ರಮಾಣವನ್ನು ಅರಿಯುವ ಒಂದು ಗ್ರಾಹಕವನ್ನು ಗುಗ್ಗುಲ್‌ಸ್ಟೆರೋನ್ ತಡೆಯುತ್ತದೆಂದು ತೋರಿಸಿದರು. ಹೀಗೆ ಔಷಧ ಕೆಲಸಮಾಡಬಹುದಾದ ದಾರಿಯೊಂದು ಕಂಡಿತು.

ಮರುವರ್ಷವೇ, 2003ರಲ್ಲಿ, ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದವರ ಪ್ರಯೋಗದ ಫಲಿತಾಂಶ ಬೇರೆ ಮಾತು ಹೇಳಿತು. ಹೆಚ್ಚು ಕೊಲೆಸ್ಟರಾಲ್ ಇದ್ದ 103 ಜನ ವಯಸ್ಕರಲ್ಲಿ ಕೆಲವರಿಗೆ ಗುಗ್ಗುಳದ ಸಾರವನ್ನೂ ಕೆಲವರಿಗೆ ಔಷಧವಿಲ್ಲದ ಗುಳಿಗೆಯನ್ನೂ 8 ವಾರ ಕೊಡಲಾಯಿತು. ಗುಗ್ಗುಳ ಸೇವಿಸಿದವರ ಕೆಟ್ಟ ಕೊಲೆಸ್ಟರಾಲ್ ಇಳಿಯಲಿಲ್ಲ. ಸರಾಸರಿಯಲ್ಲಿ ಸ್ವಲ್ಪ ಏರಿತು. ಕೆಲವರಿಗೆ ಚರ್ಮದಲ್ಲಿ ಗಂದೆಗಳೂ ಎದ್ದವು. ಭಾರತದ ಹಿಂದಿನ ಪ್ರಯೋಗಗಳು ಇಳಿಕೆಯನ್ನು ತೋರಿಸಿದ್ದವು. ಆಹಾರಕ್ರಮ ಬೇರೆ, ಜನ ಬೇರೆ. ಆದ್ದರಿಂದ ಒಂದು ಪ್ರಯೋಗವನ್ನಷ್ಟೇ ಹಿಡಿದು ಗುಗ್ಗುಳವನ್ನು ಹೊಗಳುವುದಾಗಲಿ ತೆಗಳುವುದಾಗಲಿ ಸಲ್ಲದು. ಗುಗ್ಗುಳ ಇತರ ಔಷಧಗಳ ಪರಿಣಾಮವನ್ನು ಬದಲಿಸಬಲ್ಲುದಾದ್ದರಿಂದ ವೈದ್ಯರ ಸಲಹೆಯಿಲ್ಲದೆ ಅದನ್ನು ಸೇವಿಸುವುದಂತೂ ಯುಕ್ತವಲ್ಲ.

ಅಳಿವಿನ ಕಾರಣಗಳು

ಕಾಂಡಕ್ಕೆ ಗಾಯ ಮಾಡಿದಾಗ ಒಸರುವ ಅಂಟು ಗಾಳಿಗೆ ಗಟ್ಟಿಯಾಗುತ್ತದೆ. ಅದನ್ನು ಕೆತ್ತಿ ತೆಗೆಯುತ್ತಾರೆ. ಗಿಡ ಅಂಟು ಕೊಡುವ ವಯಸ್ಸಿಗೆ ಬರಲು ಸುಮಾರು ಎಂಟು ಹತ್ತು ವರ್ಷ ಬೇಕು. ಹಿತಮಿತವಾಗಿ ಗಾಯ ಮಾಡಿದರೆ ಗಿಡ ಚೇತರಿಸಿಕೊಳ್ಳಬಹುದು. ಔಷಧದ ಬೇಡಿಕೆ ಏರಿದಂತೆ ಆಳವಾದ ಗಾಯಗಳೂ ಹೆಚ್ಚು ಅಂಟು ಬರಿಸಲು ಹಚ್ಚುವ ರಾಸಾಯನಿಕಗಳೂ ಬಂದವು. ಅಂಟು ಒಮ್ಮೆಗೆ ಹೆಚ್ಚು ಬರುತ್ತದೆ, ಗಿಡ ಒಣಗುತ್ತದೆ. ಬೀಜಗಳಲ್ಲಿ ಮೊಳೆಯುವವೂ ಕಡಿಮೆ. ಸಾಯುವ ವೇಗಕ್ಕೆ ಹುಟ್ಟುವ ವೇಗ ಸಾಟಿಯಾಗದೆ ಹೋಯಿತು. ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟವು ಈ ಸಸ್ಯವನ್ನು 'ತೀವ್ರ ಅಳಿವಿನಂಚಿನ' ವರ್ಗದಲ್ಲಿ ಇರಿಸಿದೆ.

ಕಾಂಡದ ತುಂಡುಗಳನ್ನು ನೆಟ್ಟು ಗುಗ್ಗುಳವನ್ನು ಬೆಳೆಸಬಹುದು. ಆದರೆ ಒಂದೇ ಗಿಡದ ತುಂಡುಗಳಿಂದ ತೋಟ ತುಂಬಿದರೆ ಮತ್ತೆ ಒಂದೇ ಪ್ರತಿಯ ನಕಲುಗಳೇ ಹೆಚ್ಚುತ್ತವೆ. ಬೇರೆ ಬೇರೆ ನೆಲೆಗಳಿಂದ ಗಿಡಗಳನ್ನು ತಂದು, ವಿರಳವಾದ ಗಂಡು ಗಿಡಗಳನ್ನೂ ಸೇರಿಸಿ ಕಾಪಾಡುವುದೇ ಸರಿಯಾದ ಕ್ರಮ.

ಕನ್ನಡ ವಿದ್ಯಾರ್ಥಿಯ ಪಾಲು

ಇಷ್ಟೆಲ್ಲದರಲ್ಲಿ ಭಾಷೆಯ ವಿದ್ಯಾರ್ಥಿಗೆ ಏನು ಕೆಲಸವೆಂದು ಕೇಳಬಹುದು. ಗಿಡ ಕಡಿಮೆಯಾದಷ್ಟೂ ಬದಲಿ ಅಂಟುಗಳು ಅದರ ಹೆಸರಿನಲ್ಲಿ ಮಾರಾಟಕ್ಕೆ ಬರುತ್ತವೆ. ಅಂಗಡಿಯಲ್ಲಿ ಗುಗ್ಗುಳ ದೊರೆಯುತ್ತಲೇ ಇರುವುದರಿಂದ ಗಿಡ ಅಳಿಯುತ್ತಿದೆಯೆಂಬ ಅರಿವೇ ಮೂಡುವುದಿಲ್ಲ. ಇಲ್ಲಿ ಹೆಸರೇ ಅಳಿವನ್ನು ಮರೆಮಾಡುತ್ತದೆ. ಯಾವ ಹೆಸರು ಯಾವ ಊರಿನಲ್ಲಿ ಯಾವ ವಸ್ತುವಿಗೆ ಸಲ್ಲುತ್ತದೆಂದು ಬಿಡಿಸಿ ಹೇಳುವುದು ನಿಘಂಟು ಮತ್ತು ಉಪಭಾಷೆಗಳ ಅಧ್ಯಯನಕ್ಕೆ ಸೇರಿದ ಕೆಲಸ.

ಕನ್ನಡದಲ್ಲಿ ಶಾಸ್ತ್ರಸಾಹಿತ್ಯದ ದೊಡ್ಡ ಪರಂಪರೆಯಿದೆ. ಚಾವುಂಡರಾಯನ 'ಲೋಕೋಪಕಾರ', ಕೀರ್ತಿವರ್ಮನ 'ಗೋವೈದ್ಯ', ಮಂಗರಾಜನ 'ಖಗೇಂದ್ರಮಣಿದರ್ಪಣ' ಮೊದಲಾದವುಗಳಲ್ಲಿ ಮದ್ದಿನ ಹೆಸರುಗಳು ತುಂಬಿವೆ. ಅವನ್ನು ಕೇವಲ ಶಬ್ದಗಳಾಗಿ ಓದದೆ, ಹಿಂದಿರುವ ಗಿಡಗಳನ್ನು ಗುರುತಿಸಿ ಓದುವ ಕೆಲಸ ಇನ್ನೂ ಬಹಳ ಉಳಿದಿದೆ. ಸಸ್ಯವಿಜ್ಞಾನವೂ ಸಾಹಿತ್ಯದ ಓದೂ ಒಬ್ಬರಲ್ಲೇ ಕೂಡಿದರೆ ಏನಾಗಬಹುದೆಂಬುದಕ್ಕೆ ಬಿ. ಜಿ. ಎಲ್. ಸ್ವಾಮಿಯವರ 'ಹಸುರು ಹೊನ್ನು' ಸಾಕ್ಷಿ. 1978ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು.

ಗಡಿಭಾಗದ ವಿದ್ಯಾರ್ಥಿಗಳಿಗೆ ಇದರಲ್ಲಿ ವಿಶೇಷ ಅನುಕೂಲವಿದೆ. ಗುಗ್ಗುಳ, ಗುಗ್ಗಿಲಂ, ಮೈಸಾಕ್ಷಿ, ಮುಕ್ಲ್ ಈ ನಾಲ್ಕನ್ನೂ ಒಂದೇ ಬೀದಿಯಲ್ಲಿ ಕೇಳಿ ಬರೆದುಕೊಳ್ಳಬಲ್ಲವರು ಅವರೇ. ಪುರವಂತರ ಒಡಪು ಸಂಗ್ರಹಿಸಲು ಹೋದವರು ಕೊಡದಲ್ಲಿ ಉರಿಯುತ್ತಿರುವ ದ್ರವ್ಯ ಯಾವುದು, ಎಲ್ಲಿಂದ ತಂದದ್ದು, ಹಿರಿಯರ ಕಾಲದಲ್ಲಿ ಯಾವುದಿತ್ತು ಎಂದು ಮೂರು ಪ್ರಶ್ನೆ ಹೆಚ್ಚಿಗೆ ಕೇಳಿದರೆ ಸಾಕು. ಅದೊಂದು ಬೆಲೆಯುಳ್ಳ ದಾಖಲೆಯಾಗುತ್ತದೆ.

ಅಭ್ಯಾಸ

1. 'ಗುಗ್ಗುಲು' ಶಬ್ದವು ಕನ್ನಡದಲ್ಲಿ ಪಡೆದ ರೂಪಗಳನ್ನು ಧ್ವನಿವ್ಯತ್ಯಾಸದ ಹಿನ್ನೆಲೆಯಲ್ಲಿ ವಿವರಿಸಿರಿ.
2. ಗುಗ್ಗುಳದ ಸಂತಾನಕ್ರಮವನ್ನು ಹಸ್ತಪ್ರತಿಯ ನಕಲಿನೊಡನೆ ಹೋಲಿಸಿರಿ. ಈ ಹೋಲಿಕೆ ಎಲ್ಲಿಯವರೆಗೆ ಸಲ್ಲುತ್ತದೆ?
3. ಗುಗ್ಗುಳದ ಔಷಧಗುಣವನ್ನು ಕುರಿತ 1966 ಮತ್ತು 2003ರ ಅಧ್ಯಯನಗಳಿಂದ ತಿಳಿಯುವುದೇನು?
4. ನಿಮ್ಮ ಊರಿನ ಅಂಗಡಿಯಲ್ಲಿ ದೊರೆಯುವ ಧೂಪದ್ರವ್ಯಗಳ ಹೆಸರುಗಳನ್ನು ಬಳಕೆಯಲ್ಲಿರುವ ಎಲ್ಲ ಭಾಷೆಗಳಲ್ಲಿ ಪಟ್ಟಿಮಾಡಿ, ಪ್ರತಿಯೊಂದರ ಮೂಲಸಸ್ಯವನ್ನು ಗುರುತಿಸಲು ಯತ್ನಿಸಿರಿ.