ಬೆನ್ನುಹುರಿಗೆ ಪೆಟ್ಟು ಬಿದ್ದವರಿಗೆ ತಕ್ಕ ಗಾಲಿಕುರ್ಚಿ



ಮಾಘ ಕಳೆಯಿತೆಂದರೆ ಮಧುಗಿರಿ, ಶಿರಾ, ಪಾವಗಡದ ಕಡೆ ಹುಣಸೆ ಬಡಿಯುವ ಕಾಲ. ಕೊರಟಗೆರೆಯ ತೋಟಗಳಲ್ಲಂತೂ ತೆಂಗು, ಅಡಿಕೆಗೆ ಮರ ಹತ್ತುವುದು ಇದ್ದದ್ದೇ. ಕೊಂಬೆ ಮುರಿದೋ, ಕಾಲು ಜಾರಿಯೋ, ಕಟ್ಟೆಯಿಲ್ಲದ ಹಳೆಯ ಬಾವಿಗೆ ಬಿದ್ದೋ ಬೆನ್ನು ಮುರಿದುಕೊಂಡವರನ್ನು ನೀವು ಕಂಡಿರಬಹುದು. ಅಂಥವರ ಮನೆಯಲ್ಲಿ ಗಾಲಿಕುರ್ಚಿಯೊಂದು ಮೂಲೆ ಸೇರಿ, ಅದರ ಮೇಲೆ ಕೋಳಿ ಕೂತಿರುವುದನ್ನೂ ಕಂಡಿರಬಹುದು. ಕುರ್ಚಿಯಿದ್ದೂ ಮನುಷ್ಯ ಚಾಪೆ ಬಿಟ್ಟು ಏಳದಿರುವುದು ಏಕೆ ಎಂಬುದನ್ನು ಈ ಸಲ ವಿಚಾರಿಸೋಣ.

ಬೆನ್ನುಮೂಳೆಯ ಮಣಿಗಳ ಒಳಗೆ ಕಿರುಬೆರಳಿನ ಗಾತ್ರದ ಒಂದು ಹುರಿ ಇಳಿದಿದೆ. ಮಿದುಳಿನ ಅಪ್ಪಣೆ ಕಾಲಿಗೆ ಹೋಗುವುದೂ, ಕಾಲಿಗೆ ಮುಳ್ಳು ಚುಚ್ಚಿದ ಸುದ್ದಿ ಮಿದುಳಿಗೆ ಬರುವುದೂ ಇದರ ಮೂಲಕವೇ. ಪಂಪ್‌ಸೆಟ್ಟಿನ ಮೋಟಾರು ಸರಿಯಾಗಿದ್ದು, ಸ್ಟಾರ್ಟರ್ ಸರಿಯಾಗಿದ್ದು, ನಡುವಿನ ಕೇಬಲ್ಲು ತುಂಡಾದರೆ ಏನಾಗುವುದೋ ಇಲ್ಲಿಯೂ ಅದೇ. ಕೇಬಲ್ಲನ್ನಾದರೆ ಜೋಡಿಸಬಹುದು, ಪೂರ್ತಿ ತುಂಡಾದ ಹುರಿಯನ್ನು ಜೋಡಿಸುವ ವಿದ್ಯೆ ಇನ್ನೂ ವೈದ್ಯರ ಕೈಗೆ ಬಂದಿಲ್ಲ. ಸೊಂಟದ ಕಡೆ ಪೆಟ್ಟಾದರೆ ಕಾಲುಗಳ ಬಲ ಹೋಗುತ್ತದೆ, ಕುತ್ತಿಗೆಯಲ್ಲಾದರೆ ಕೈಗಳದ್ದೂ ಹೋಗುತ್ತದೆ.

ಹುರಿ ಎಲ್ಲರಲ್ಲಿಯೂ ಬಿದ್ದ ಕೂಡಲೇ ಪೂರ್ತಿ ಹೋಗಿರುವುದಿಲ್ಲ. ಬಿದ್ದವನನ್ನು ಇಬ್ಬರು ಕೈಕಾಲು ಹಿಡಿದು ಎತ್ತಿ ಆಟೋದಲ್ಲಿ ಮಡಿಸಿ ಕೂರಿಸುವಾಗ, ಮುರಿದ ಮೂಳೆ ಸರಿದು ಉಳಿದಿದ್ದ ಹುರಿಯೂ ಜಜ್ಜಿಹೋಗಬಹುದು. ಆದುದರಿಂದ ಬಿದ್ದವನನ್ನು ಅಲುಗಿಸದೆ 108ಕ್ಕೆ ಫೋನು ಮಾಡತಕ್ಕದ್ದು. ನೀರಿನಿಂದಲೋ ಬೆಂಕಿಯಿಂದಲೋ ಸರಿಸಲೇಬೇಕಾದರೆ ನಾಲ್ಕೈದು ಜನ ಸೇರಿ, ಒಬ್ಬರು ತಲೆಯನ್ನು ನೇರವಾಗಿ ಹಿಡಿದು, ದಿಮ್ಮಿಯನ್ನು ಹೊರಳಿಸುವಂತೆ ಮೈಯನ್ನೆಲ್ಲ ಒಟ್ಟಿಗೆ ಹೊರಳಿಸಿ ಬಾಗಿಲ ಹಲಗೆಯ ಮೇಲೆ ಮಲಗಿಸಬೇಕು.

ಇನ್ನು ಆಸ್ಪತ್ರೆಯಿಂದ ಮನೆಗೆ ಬಂದ ಮೇಲಿನ ಮಾತು. ನೊಗ ಹೊಂದದಿದ್ದರೆ ಎತ್ತಿನ ಹೆಗಲು ಹುಣ್ಣಾಗುವುದು ನಿಮಗೆ ಗೊತ್ತು. ಎತ್ತಿಗೆ ನೋವು ತಿಳಿಯುತ್ತದೆ, ಹೆಗಲು ಒದರುತ್ತದೆ, ನೀವು ನೊಗ ಇಳಿಸುತ್ತೀರಿ. ಬೆನ್ನುಹುರಿ ಹೋದವನಿಗೆ ಕುಂಡಿಯ ಮೂಳೆಯ ಕೆಳಗೆ ಮಾಂಸ ನುರಿಯುತ್ತಿದ್ದರೂ ತಿಳಿಯುವುದಿಲ್ಲ. ಮೂಳೆಗೂ ಕುರ್ಚಿಗೂ ನಡುವೆ ಸಿಕ್ಕ ಮಾಂಸಕ್ಕೆ ರಕ್ತ ಹರಿಯದೆ ಅದು ಒಳಗೊಳಗೇ ಸಾಯುತ್ತದೆ. ಮೊದಲು ಕೆಂಪು, ಆಮೇಲೆ ಕಪ್ಪು, ಆಮೇಲೆ ಮೂಳೆ ಕಾಣುವಷ್ಟು ಹುಣ್ಣು. ಬಿದ್ದಾಗ ಉಳಿದ ಜೀವ ಈ ಹುಣ್ಣಿನ ನಂಜಿನಿಂದ ಹೋಗುವುದುಂಟು. ಒಮ್ಮೆ ಹುಣ್ಣಾದರೆ ಮಾಯುವವರೆಗೆ ತಿಂಗಳುಗಟ್ಟಲೆ ಬೋರಲು ಮಲಗಬೇಕು. ಮೂಲೆಯ ಕುರ್ಚಿಯ ಮೇಲೆ ಕೋಳಿ ಕೂರುವುದಕ್ಕೆ ಇದೂ ಒಂದು ಕಾರಣ.

ಆದುದರಿಂದ ಕುರ್ಚಿ ಬೇರೆ, ಅದರ ಮೇಲಿನ ಮೆತ್ತೆ ಬೇರೆ ಎಂದು ಎಣಿಸಬೇಡಿ. ಮೆತ್ತೆಯಿಲ್ಲದ ಗಾಲಿಕುರ್ಚಿಯನ್ನು ಬೆನ್ನುಹುರಿ ಹೋದವರಿಗೆ ಕೊಡುವುದು ಉಪಕಾರವಲ್ಲವೆಂದೇ ನನ್ನ ಅಭಿಪ್ರಾಯ. ಮೆತ್ತೆ ಸರಿಯಿದೆಯೇ ಎಂದು ನೋಡಲು ಸುಲಭವಾದ ಉಪಾಯವೊಂದಿದೆ. ಆತ ನೆಟ್ಟಗೆ ಕೂತಿರುವಾಗ ಅಂಗೈ ಮೇಲಾಗಿ ನಿಮ್ಮ ಬೆರಳುಗಳನ್ನು ಕುಂಡಿಯ ಮೂಳೆಯ ಕೆಳಗೆ ತೂರಿಸಿ. ಬೆರಳ ತುದಿಯನ್ನು ಅರ್ಧ ಸೆಂಟಿಮೀಟರಿನಷ್ಟು ಮೇಲೆ ಕೆಳಗೆ ಆಡಿಸಲು ಬಂದರೆ ಚಿಂತೆಯಿಲ್ಲ. ಆಡಿಸಲು ಬಾರದೆ, ಸುಲಭವಾಗಿ ಹೊರಕ್ಕೆ ಎಳೆಯಲು ಬಂದರೆ ಎಚ್ಚರಿಕೆ. ಬೆರಳು ಸಿಕ್ಕಿಕೊಂಡು ಎಳೆಯಲೂ ಕಷ್ಟವಾದರೆ ಆ ಮೆತ್ತೆಯ ಮೇಲೆ ಕೂರಿಸಬಾರದು. ವಿಶ್ವ ಆರೋಗ್ಯ ಸಂಸ್ಥೆಯವರು ಗಾಲಿಕುರ್ಚಿ ಕೆಲಸದವರಿಗೆ ಕಲಿಸುವ ಪರೀಕ್ಷೆಯಿದು, ಮನೆಯವರೂ ಕಲಿಯಬಹುದು. ಸ್ಪಂಜಿನ ಮೆತ್ತೆ ಕಾಲಕ್ರಮದಲ್ಲಿ ಚಪ್ಪಟೆಯಾಗುವುದರಿಂದ ಈ ಪರೀಕ್ಷೆಯನ್ನು ಆಗಾಗ್ಗೆ ಮಾಡುತ್ತಿರಬೇಕು. ಸೈಕಲ್ ಟ್ಯೂಬಿಗೆ ಗಾಳಿ ತುಂಬಿ ಬಳೆಯಂತೆ ಮಾಡಿ ಅದರ ಮೇಲೆ ಕೂರಿಸುವುದು ಜಾಣತನವೆಂದು ತೋರಿದರೂ ಕೂಡದು. ಬಳೆಯ ಅಂಚು ಒತ್ತಿ ಸುತ್ತಲಿನ ರಕ್ತದ ಹರಿವನ್ನೇ ಅದು ತಡೆಯುತ್ತದೆ.

ಮೆತ್ತೆ ಎಷ್ಟು ಒಳ್ಳೆಯದಾದರೂ ಸಾಲದು. ಕೂತವನು ಅರ್ಧ ಗಂಟೆಗೆ ಒಮ್ಮೆಯಾದರೂ ಮುಂದಕ್ಕೆ ಬಾಗಿಯೋ, ಪಕ್ಕಕ್ಕೆ ವಾಲಿಯೋ ಒಂದೆರಡು ನಿಮಿಷ ಭಾರ ಇಳಿಸಬೇಕು. ಮಲಗಿದ್ದರೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಬೆಳಿಗ್ಗೆ ಸಂಜೆ ಕನ್ನಡಿ ಹಿಡಿದು ಚರ್ಮ ನೋಡಿಕೊಂಡು, ಕೆಂಪು ಕಂಡರೆ ಅದು ಆರುವವರೆಗೆ ಅಲ್ಲಿ ಭಾರ ಬಿಡಬಾರದು. ಪಾವಗಡದ ಬಿಸಿಲಿಗೆ ಕಾದ ಚಪ್ಪಡಿ ಕಲ್ಲಿನ ಮೇಲೆ ಅರಿಯದೆ ಕೂತರೂ ಚರ್ಮ ಸುಟ್ಟುಹೋಗುತ್ತದೆ, ಸುಟ್ಟದ್ದು ಗೊತ್ತಾಗುವುದಿಲ್ಲ.

ಈಗ ಕುರ್ಚಿಯ ಅಳತೆ. ಅಗಲ ಎಷ್ಟಿರಬೇಕೆಂದರೆ, ಕೂತಾಗ ಸೊಂಟದ ಎರಡು ಪಕ್ಕಕ್ಕೂ ಒಂದೊಂದು ಬೆರಳಿನಷ್ಟು ಜಾಗ ಉಳಿದರೆ ಸಾಕು. ಅಗಲ ಹೆಚ್ಚಾದರೆ ಮನುಷ್ಯ ಒಂದು ಕಡೆಗೆ ವಾಲಿ, ಬೆನ್ನು ಸೊಟ್ಟಗಾಗಿ, ಭಾರವೆಲ್ಲ ಒಂದೇ ಮೂಳೆಯ ಮೇಲೆ ಬೀಳುತ್ತದೆ. ಕುರ್ಚಿ ಬಾಗಿಲಲ್ಲಿ ತೂರುವುದೂ ಇಲ್ಲ. ಮಂಡಿಯ ಹಿಂಭಾಗಕ್ಕೂ ಕೂರುವ ಹಾಸಿನ ಅಂಚಿಗೂ ನಡುವೆ ಎರಡು ಬೆರಳಿನ ಅಂತರ ಬೇಕು. ಪಾದದ ಹಲಗೆ ಎತ್ತರವಾದರೆ ತೊಡೆ ಮೇಲೆದ್ದು ಕುಂಡಿಗೆ ಭಾರ ಹೆಚ್ಚುತ್ತದೆ. ಆಸ್ಪತ್ರೆಯ ವರಾಂಡದಲ್ಲಿ ಯಾರನ್ನೋ ತಳ್ಳಿಕೊಂಡು ಹೋಗಲೆಂದು ಮಾಡಿದ ಕುರ್ಚಿ ದಿನವೆಲ್ಲ ಕೂರುವವನಿಗೆ ಆಗದು. ನಮ್ಮ ಮರಳು ನೆಲ, ಗಾಡಿಜಾಡುಗಳಲ್ಲಿ ಮುಂದಿನ ಚಿಕ್ಕ ಗಾಲಿಗಳು ಹೂತುಕೊಳ್ಳುವುದರಿಂದ ಮುಂದಿನ ಗಾಲಿ ದೊಡ್ಡದಾಗಿ ಅಗಲವಾಗಿರುವುದನ್ನೋ, ಉದ್ದನೆಯ ಮೂರುಗಾಲಿಯದನ್ನೋ ಕೇಳಬೇಕು. ಮಡಿಸುವ ಲೋಹದ ಗಾಲಿಕುರ್ಚಿಯನ್ನು ಅಮೆರಿಕದಲ್ಲಿ 1930ರ ದಶಕದಲ್ಲಿ ಮಾಡಿದವರು ಎವರೆಸ್ಟ್ ಮತ್ತು ಜೆನ್ನಿಂಗ್ಸ್ ಎಂಬ ಇಬ್ಬರು ಇಂಜಿನಿಯರುಗಳು. ಅವರಲ್ಲಿ ಎವರೆಸ್ಟ್ ಗಣಿ ಅಪಘಾತದಲ್ಲಿ ಸ್ವತಃ ಬೆನ್ನು ಮುರಿದುಕೊಂಡಿದ್ದವರು. ಇತ್ತೀಚೆಗೆ ಮದರಾಸಿನ ಐಐಟಿಯವರು ಕುರ್ಚಿಯ ಮುಂದಕ್ಕೆ ಸಿಕ್ಕಿಸುವ ಬ್ಯಾಟರಿ ಗಾಲಿಯನ್ನೂ ತಯಾರಿಸಿದ್ದಾರೆ. ಸಂತೆಗೆ ತಾನೇ ಹೋಗಿ ಬರುವ ಆಸೆಯಿದ್ದವರು ವಿಚಾರಿಸಬಹುದು.

ಮನೆಯನ್ನೂ ಸ್ವಲ್ಪ ಬದಲಿಸಬೇಕು. ಹೊಸ್ತಿಲಿಗೋ ಜಗಲಿಗೋ ಇಳಿಜಾರು ಕಟ್ಟುವಾಗ ಒಂದಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದವಿದ್ದರೆ ಕೂತವನು ತನ್ನ ಕೈಬಲದಿಂದಲೇ ಏರಬಲ್ಲ. ಜಗಲಿ ಒಂದೂವರೆ ಅಡಿಯಿದ್ದರೆ ಹದಿನೆಂಟು ಅಡಿ ಬೇಕಾಗುತ್ತದೆ. ಜಾಗ ಸಾಲದಿದ್ದರೆ ಗೋಡೆಯ ಪಕ್ಕಕ್ಕೆ ತಿರುಗಿಸಿ ಕಟ್ಟಿರಿ. ಮಂಚದ ಎತ್ತರ ಕುರ್ಚಿಯ ಎತ್ತರಕ್ಕೆ ಸಮನಾಗಿದ್ದರೆ, ನಯವಾಗಿ ಹೆರೆದ ಒಂದು ಹಲಗೆಯನ್ನು ನಡುವೆ ಇಟ್ಟು ಆತ ತಾನೇ ಜಾರಿ ಕೂರುತ್ತಾನೆ. ಈ ಹಲಗೆಯನ್ನು ಊರಿನ ಬಡಗಿಯೇ ಮಾಡಿಕೊಟ್ಟಾನು.

ಮೂತ್ರದ ವಿಷಯವನ್ನು ನಾಚಿಕೆಯಿಂದ ಮುಚ್ಚಿಡುವುದು ಬಹಳ ಕೆಟ್ಟದ್ದು. ಚೀಲ ತುಂಬಿದ್ದು ತಿಳಿಯದೆ ಒಳಗೇ ನಿಂತರೆ ಮೂತ್ರಪಿಂಡ ಕೆಡುತ್ತದೆ. ಕೈ ತೊಳೆದು ನಾಲ್ಕರಿಂದ ಆರು ಗಂಟೆಗೊಮ್ಮೆ ಸಣ್ಣ ನಳಿಕೆ ಹಾಕಿ ಮೂತ್ರ ತೆಗೆಯುವುದನ್ನು ಆಸ್ಪತ್ರೆಯಲ್ಲಿ ಕಲಿತೇ ಮನೆಗೆ ಬರಬೇಕು. ಎದೆಯ ಮೇಲ್ಭಾಗ ಅಥವಾ ಕುತ್ತಿಗೆಯಲ್ಲಿ ಪೆಟ್ಟಾದವರಿಗೆ ಇದ್ದಕ್ಕಿದ್ದಂತೆ ತಲೆ ಸಿಡಿದು ಮುಖ ಬೆವರಿದರೆ ಕೂಡಲೇ ನೆಟ್ಟಗೆ ಕೂರಿಸಿ, ನಳಿಕೆ ಮಡಿಚಿಕೊಂಡಿದೆಯೇ, ಮೂತ್ರ ಕಟ್ಟಿದೆಯೇ ಎಂದು ನೋಡಿ. ಕಾರಣ ಸಿಕ್ಕಿ ಇಳಿಯದಿದ್ದರೆ ಆಸ್ಪತ್ರೆಗೆ ಓಡತಕ್ಕದ್ದು. ರಕ್ತದೊತ್ತಡ ಏರಿ ಪ್ರಾಣಕ್ಕೆ ಅಪಾಯವಿದೆ.

ಇಷ್ಟೆಲ್ಲ ಮಾಡಿ ಏನು ಫಲ, ಬಾಳು ಮುಗಿಯಿತಲ್ಲ ಎನ್ನುವವರಿದ್ದಾರೆ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ಡಾ. ಮೇರಿ ವರ್ಗೀಸ್ 1954ರಲ್ಲಿ ವಾಹನ ಅಪಘಾತದಿಂದ ಎರಡೂ ಕಾಲುಗಳ ಬಲ ಕಳೆದುಕೊಂಡರು. ಆಮೇಲೆ ಗಾಲಿಕುರ್ಚಿಯಲ್ಲೇ ಕುಳಿತು ಕುಷ್ಠರೋಗಿಗಳ ಕೈಗಳಿಗೆ ಶಸ್ತ್ರಚಿಕಿತ್ಸೆ ಮಾಡಿದರು. ನ್ಯೂಯಾರ್ಕಿಗೆ ಹೋಗಿ ಪುನರ್ವಸತಿ ವೈದ್ಯ ಕಲಿತು ಬಂದರು. ಅವರ ದುಡಿಮೆಯಿಂದ 1966ರಲ್ಲಿ ವೆಲ್ಲೂರಿನಲ್ಲಿ ಪುನರ್ವಸತಿ ಸಂಸ್ಥೆ ತೆರೆಯಿತು. ನಮ್ಮೂರಿನವನು ಶಸ್ತ್ರಚಿಕಿತ್ಸೆ ಮಾಡಬೇಕಾಗಿಲ್ಲ. ಅಂಗಡಿ ನೋಡಿಕೊಳ್ಳಬಹುದು, ಹಾಲಿನ ಸಂಘದ ಲೆಕ್ಕ ಬರೆಯಬಹುದು, ಮೋಟಾರಿನ ಹೊಲಿಗೆ ಯಂತ್ರ ನಡೆಸಬಹುದು.

ಕುರ್ಚಿ ಬೇಕಾದವರು ಮೊದಲು ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು, ತಾಲ್ಲೂಕು ಪಂಚಾಯಿತಿಯಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರನ್ನು ಕಾಣಿರಿ. ಅಂಗವಿಕಲತೆಯ ಗುರುತಿನ ಚೀಟಿ ಮಾಡಿಸಲು ಅವರೇ ದಾರಿ ತೋರಿಸುತ್ತಾರೆ. ಬೆಂಗಳೂರಿನಲ್ಲಿ 1959ರಲ್ಲಿ ಎನ್. ಎಸ್. ಹೇಮಾ ಅವರು ಸ್ಥಾಪಿಸಿದ ಎಪಿಡಿ ಸಂಸ್ಥೆ ಬೆನ್ನುಹುರಿ ಪೆಟ್ಟಿನವರಿಗೆ ತರಬೇತಿ ಕೊಡುತ್ತದೆ. 1994ರಲ್ಲಿ ಆರಂಭವಾದ ಮೊಬಿಲಿಟಿ ಇಂಡಿಯಾ ಅಳತೆ ನೋಡಿ ಸಾಧನ ಹೊಂದಿಸುತ್ತದೆ. ಸಮಾರಂಭದಲ್ಲಿ ಹಾರದೊಂದಿಗೆ ಕುರ್ಚಿ ಕೊಟ್ಟರೆ ಬೇಡವೆನ್ನಬೇಕಿಲ್ಲ. ಆದರೆ ಸಹಿ ಹಾಕುವ ಮುನ್ನ ಆತನನ್ನು ಅದರಲ್ಲಿ ಕೂರಿಸಿ, ಬೆರಳಿಟ್ಟು ನೋಡಿ, ಮೆತ್ತೆ ಎಲ್ಲಿ ಎಂದು ಕೇಳಿ. ಮನೆಗೆ ತಂದ ಮೇಲೆ ವಾರಕ್ಕೊಮ್ಮೆ ಸೈಕಲ್ ಷಾಪಿನಲ್ಲಿ ಗಾಳಿ ನೋಡಿಸಿ. ಟೈರಿನಲ್ಲಿ ಗಾಳಿ ಇಳಿದರೆ ಬ್ರೇಕು ಹಿಡಿಯುವುದಿಲ್ಲ; ಮಂಚದಿಂದ ಜಾರುವ ಹೊತ್ತಿಗೆ ಕುರ್ಚಿ ಹಿಂದಕ್ಕೆ ಸರಿದು ಆತ ನೆಲಕ್ಕೆ ಬೀಳುತ್ತಾನೆ.